ಅಕ್ಕೋರಿಗೆ ಹಂಚದ ಎಲೆ

ಕಳೆದ ಭಾನುವಾರ ಗದಗಿನ ಕ್ಲಬ್ಬಿನಲ್ಲಿ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆಯಿತು. ಇಸ್ಪೀಟು ಆಡುವ ಕೋಣೆಯಲ್ಲೇ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಅವರ ಫೋಟೋ, ಅದಕ್ಕೊಂದು ಸೇವಂತಿಗೆ ಹಾರ. ಫೋಟೋ ನಾನು ನನ್ನ ಮನೆಯಿಂದ ಒಯ್ದದ್ದು. ಅಷ್ಟು ವರ್ಷ ಆ ಕೋಣೆಯಲ್ಲಿ ಕುಳಿತು ಆಡಿದ ಹೆಂಗಸಿನ ಒಂದೇ ಒಂದು ಚಿತ್ರ ಕ್ಲಬ್ಬಿನವರ ಹತ್ತಿರ ಇರಲಿಲ್ಲ.

ಅಧ್ಯಕ್ಷರು ಮಾತಾಡಲು ಎದ್ದರು. ಅವರು ವಕೀಲರು, ಮಾತಿಗೆ ಬರಗಾಲವಿಲ್ಲ.

“ಅಕ್ಕೋರ ಕೈಗುಣ ಭಾಳ ಛಲೋ ಇತ್ರಿ. ಪಂಚಮಿ ದಿನ ಅವರು ಎಲಿ ಕಟ್ ಮಾಡಿದ್ರ ಆಟ ರಂಗೇರತಿತ್ತು. ಸಾಕ್ಷಾತ್ ಲಕ್ಷ್ಮೀ ಕೈ! ಯಜಮಾನ್ರು ಆಟ ಕಲಿಸಿದ್ರು, ಇವರು ಭಕ್ತಿಯಿಂದ ಕಲತ್ರು. ಅಂಥಾ ಜೋಡಿ ಇನ್ನ ಎಲ್ಲಿ ಸಿಗತಾರ?”

ಎಲ್ಲರೂ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕೋರ ಕೈಯಲ್ಲಿ ಯಾವ ಲಕ್ಷ್ಮಿಯೂ ಇರಲಿಲ್ಲ. ಅವರಿಗೆ ಯಜಮಾನರು ಆಟ ಕಲಿಸಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಇದೇ ಅಧ್ಯಕ್ಷರು, ಇದೇ ಮೇಜಿನಲ್ಲಿ, ಅವರನ್ನು ಆಟದಿಂದ ಹೊರಗಿಟ್ಟಿದ್ದರು. ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಅದೊಂದು ಮಾತು. ಮಹಾಶಯರು ಪೂರಾ ನಂಬಿಕೊಂಡೇ ಹೇಳುತ್ತಿದ್ದರು.

ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಬರೆಯಲು ಕುಳಿತೆ.

ಅಕ್ಕೋರು ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ನನ್ನ ಪಾಲಿಗೆ ಆ ಹೆಸರಿನ ಮನುಷ್ಯರು ಒಬ್ಬರೇ. ನಾನು ಕನ್ನಡ ಕಲಿಸಲು ಆ ಶಾಲೆಗೆ ಸೇರಿದಾಗ ಅವರು ಅಲ್ಲಿ ಹಳಬರು. ಇಬ್ಬರ ಮನೆಯೂ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಹೋಗಿಬರುವ ಬಸ್ಸೂ ಒಂದೇ. ಕನ್ನಡಕ ಹಣೆಯ ಮೇಲೇರಿಸಿಕೊಂಡು ಅದನ್ನೇ ಚೀಲದಲ್ಲಿ ಹುಡುಕುವುದು, ಮಾತಿಗೆ ಮೊದಲು ನಗುವುದು, ನಗುವಾಗ ಪಕ್ಕದವರ ತೊಡೆಗೆ ಹೊಡೆಯುವುದು ಅವರ ರೂಢಿ. ಸಿಟ್ಟು ಬಂದಾಗ ಮಾತ್ರ ದನಿ ಇಳಿಯುತ್ತಿತ್ತು. ಅವರು ಮೆಲ್ಲಗೆ ಮಾತಾಡಿದರೆ ಇಡೀ ಸ್ಟಾಫ್ ರೂಮು ಸುಮ್ಮನಾಗುತ್ತಿತ್ತು.

ಬಸ್ಸು ಸೊರಟೂರ ದಾಟುವ ಹೊತ್ತಿಗೆ ಅವರು ಬಸ್ಸಿನಲ್ಲಿದ್ದ ಜನರನ್ನೆಲ್ಲ ಓದಿ ಮುಗಿಸಿರುತ್ತಿದ್ದರು.

“ಆ ಹಸಿರು ಸೀರಿಯಾಕಿ ನೋಡು. ಯಾರದೋ ಮನಿಗೆ ಜಗಳಾ ಮಾಡಾಕ ಹೊಂಟಾಳ.”

“ನಕ್ಕೋತ ಕುಂತಾಳಲ್ರಿ ಅಕ್ಕೋರ?”

“ಮಾರಿ ನೋಡಬ್ಯಾಡ್ಲೇ. ಮಾರಿಗೆ ಎಲ್ಲಾರೂ ಮನಿಯಾಗ ಪಾಠ ಹೇಳಿ ಕರಕೊಂಡ ಬಂದಿರತಾರ. ಕೈ ನೋಡು. ಕೈಗೆ ಪಾಠ ಹೇಳೂದು ಯಾರಿಗೂ ನೆನಪಿರೂದಿಲ್ಲ.”

ಆ ಹೆಂಗಸು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಹಿಂಡುತ್ತಿದ್ದಳು. ಅಲ್ಲಿಂದ ಮುಂದೆ ನಾನೂ ಜನರ ಕೈ ನೋಡತೊಡಗಿದೆ.

ಅಕ್ಕೋರ ತವರು ಲಕ್ಷ್ಮೇಶ್ವರ. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಾರೆ, ಗಂಡಸರು ಇಸ್ಪೀಟು ಆಡುತ್ತಾರೆ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅವರ ಮನೆಯಲ್ಲಿ ಗಂಡಸರು ಊಟ ಮುಗಿಸಿ ಆಟಕ್ಕೆ ಹೊರಬಿದ್ದ ಕೂಡಲೇ ಅವರ ದೊಡ್ಡವ್ವ ಅಡುಗೆಮನೆಯ ಡಬ್ಬಿಯಿಂದ ಹಳೆಯ ಇಸ್ಪೀಟು ಎಲೆ ತೆಗೆಯುತ್ತಿದ್ದಳಂತೆ. ಜೋಕಾಲಿಯ ಮೇಲೆ ಸಣ್ಣ ಹುಡುಗಿಯರು. ಜೋಕಾಲಿಯ ಕೆಳಗೆ ಚಾಪೆ ಹಾಸಿಕೊಂಡು ಅತ್ತಿಗೆ, ನಾದಿನಿ, ಚಿಗವ್ವ ಎಲ್ಲ ಮೂರೆಲೆ ಆಡುವವರೇ. ಪಣಕ್ಕೆ ಹುಣಸೆಬೀಜ, ಬಾಯಿಗೆ ಶೇಂಗಾದುಂಡಿ. ಗಂಡಸರು ಬರುವ ಸಪ್ಪಳ ಕೇಳಿದರೆ ಎಲೆಗಳು ಚಾಪೆಯ ಅಡಿಗೆ ಹೋಗುತ್ತಿದ್ದವು. ಅಕ್ಕೋರು ಆಟ ಕಲಿತದ್ದು ಅಲ್ಲಿ. ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ ಗಂಡನಿಗೆ ಆಟ ಕಲಿಸಿದ್ದೂ ಅವರೇ.

ಯಜಮಾನರು ಕೋರ್ಟಿನಲ್ಲಿ ಗುಮಾಸ್ತರು, ದೇವರಂಥ ಮನುಷ್ಯ. “ನನಗ ಆಟ ಕಲಿಸಿದಾಕಿ ಈಕಿನ್ರಿ” ಎಂದು ಕ್ಲಬ್ಬಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು. ಹೆಂಡತಿಯನ್ನು ಎಷ್ಟು ಮೇಲಿಡುತ್ತಾನೆ ನೋಡು ಎಂದು ಅವರ ಒಳ್ಳೆಯತನವನ್ನೇ ಹೊಗಳಿದರು. ಗಂಡಸು ತನ್ನ ಬಾಯಿಯಿಂದಲೇ ಹೇಳಿದ ಖರೆ ಮಾತನ್ನೂ ಈ ಊರಿನವರು ನಂಬಲಿಲ್ಲ. ಇನ್ನು ಹೆಂಗಸು ಹೇಳಿದ್ದರೆ ಏನು ನಂಬುತ್ತಿದ್ದರು?

ಆ ಕ್ಲಬ್ಬಿಗೆ ಒಂದು ಪದ್ಧತಿ ಇತ್ತು. ಪಂಚಮಿಯ ದಿನ ಸದಸ್ಯರು ಹೆಂಡತಿ ಮಕ್ಕಳೊಡನೆ ಬರುತ್ತಾರೆ. ಹಿತ್ತಲಿನ ಬೇವಿನ ಮರಕ್ಕೆ ಹೆಂಗಸರಿಗಾಗಿ ಜೋಕಾಲಿ, ಒಳಗೆ ಗಂಡಸರಿಗೆ ಇಸ್ಪೀಟಿನ ಮೇಜು, ಪಣಕ್ಕೆ ಇಲ್ಲೂ ಹುಣಸೆಬೀಜವೇ. ಮೊದಲ ಆಟಕ್ಕೆ ಎಲೆ ಕಲಸಿದ ಮೇಲೆ ಯಾರಾದರೂ ಮುತ್ತೈದೆಯನ್ನು ಹಿತ್ತಲಿನಿಂದ ಕರೆಸಿ ಅವಳ ಕೈಯಿಂದ ಎಲೆ ಕಟ್ ಮಾಡಿಸುತ್ತಾರೆ. ಅವಳು ಕಟ್ಟಿನ ಮೇಲಿನ ಒಂದಿಷ್ಟು ಎಲೆ ಎತ್ತಿ ಪಕ್ಕಕ್ಕಿಟ್ಟರೆ ಆಯಿತು, ಆಟ ಶುಭ. ಅವಳು ಮತ್ತೆ ಜೋಕಾಲಿಗೆ ಹೋಗಬೇಕು. ಎಷ್ಟೋ ವರ್ಷ ಅಕ್ಕೋರು ಹೀಗೆ ಕರೆದಾಗ ಬಂದು ಕಟ್ ಮಾಡಿ ಹೋದರು.

ಒಂದು ಪಂಚಮಿಗೆ ಯಜಮಾನರು ಆಟದ ನಡುವೆ ಏಳಬೇಕಾಯಿತು. ಹೊಟ್ಟೆ ಕೆಟ್ಟಿತ್ತು, ಮುಚ್ಚಿಡುವುದೇನು. “ಸ್ವಲ್ಪ ನನ್ನ ಎಲಿ ಹಿಡಿ” ಎಂದು ಹಿತ್ತಲಿನಲ್ಲಿದ್ದ ಹೆಂಡತಿಯನ್ನು ಕರೆದು ಕೂರಿಸಿ ಹೋದರು. ಮರಳಿ ಬಂದಾಗ ಮೇಜಿನ ಬೀಜವೆಲ್ಲ ಹೆಂಡತಿಯ ಮುಂದಿತ್ತು. ಅವರು ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಹೆಂಡತಿಯನ್ನು ಏಳು ಎನ್ನಲಿಲ್ಲ. ಅವತ್ತಿನಿಂದ ಅಕ್ಕೋರಿಗೆ ಆ ಮೇಜಿನಲ್ಲಿ ಒಂದು ಕುರ್ಚಿ ಆಯಿತು, ಪಂಚಮಿಗೆ ಮಾತ್ರವಲ್ಲ, ಪ್ರತಿ ಭಾನುವಾರಕ್ಕೂ.

ಪೋಕರ್ ಬಂದದ್ದು ಆಮೇಲೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರ್ ಅದನ್ನು ಕ್ಲಬ್ಬಿನವರಿಗೆ ಕಲಿಸಿ ವರ್ಗವಾಗಿ ಹೋದ. ಪ್ರತಿಯೊಬ್ಬರ ಕೈಯಲ್ಲಿ ಮುಚ್ಚಿದ ಎರಡು ಎಲೆ. ನಡುವೆ ಹಂತಹಂತವಾಗಿ ತೆರೆಯುವ ಐದು ಎಲೆ ಎಲ್ಲರಿಗೂ ಸೇರಿದ್ದು. ಎರಡನ್ನೂ ಕೂಡಿಸಿ ಯಾರದು ದೊಡ್ಡದಾಗುತ್ತದೋ ಅವರು ಗೆದ್ದರು. ಆದರೆ ಕೈಯಲ್ಲಿ ಏನೂ ಇಲ್ಲದೆಯೂ ಭಾರಿ ಎಲೆ ಬಂದವರಂತೆ ಬೀಜ ಏರಿಸುತ್ತ ಹೋಗಿ, ಉಳಿದವರೆಲ್ಲ ಹೆದರಿ ಎಲೆ ಮುಚ್ಚಿಟ್ಟು ಪ್ಯಾಕ್ ಆಗುವಂತೆ ಮಾಡಬಹುದು. ಹಾಗೆ ಗೆದ್ದವರು ತಮ್ಮ ಎಲೆ ತೋರಿಸಬೇಕಾಗಿಲ್ಲ. ಜನರ ಕೈ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ ಅಕ್ಕೋರಿಗೆ ಇಂಥ ಆಟ ಸಿಕ್ಕರೆ ಕೇಳಬೇಕೇ?

ಅವರು ಗೆದ್ದರೆ ಕ್ಲಬ್ಬಿನವರ ಹತ್ತಿರ ಕಾರಣ ತಯಾರಾಗಿರುತ್ತಿತ್ತು. ಎಲೆ ಚೆನ್ನಾಗಿ ಬಿದ್ದಿದ್ದವು. ಹೆಣ್ಣುಮಕ್ಕಳೆಂದು ನಾವು ಸಡಿಲ ಬಿಟ್ಟೆವು. ಯಜಮಾನರು ಪಕ್ಕದಿಂದ ಸನ್ನೆ ಮಾಡಿದರು (ಪಾಪ, ಅವರು ಆಗ ಪೇಪರು ಓದುತ್ತಿದ್ದರು). ಸೋತರೆ ಕಾರಣವೇ ಬೇಕಾಗಿರಲಿಲ್ಲ, ಹೆಂಗಸು ಸೋತಳು ಎಂದರೆ ಮುಗಿಯಿತು. ಎಲೆ ಸರಿಯಿಲ್ಲವೆಂದು ಅವರು ಪ್ಯಾಕ್ ಆದರೆ “ಹೆಣ್ಣಮಕ್ಕಳು ಅಂಜತಾರ್ರಿ” ಎನ್ನುತ್ತಿದ್ದರು. ಅದೇ ಎಲೆಗೆ ವಕೀಲರು ಪ್ಯಾಕ್ ಆದರೆ ಅದು ದೂರಾಲೋಚನೆ.

ಒಂದು ಭಾನುವಾರ ವಕೀಲರು ಮತ್ತು ಅಕ್ಕೋರು ಇಬ್ಬರೇ ಉಳಿದಿದ್ದರು. ಅಕ್ಕೋರು ಮುಂದಿದ್ದ ಬೀಜವನ್ನೆಲ್ಲ ನಡುವಿಗೆ ತಳ್ಳಿದರು. ವಕೀಲರು ಗಲ್ಲ ಕೆರೆದುಕೊಂಡರು. “ಹೆಣ್ಣಮಕ್ಕಳಿಗೆ ಇಷ್ಟ ದೊಡ್ಡ ಸುಳ್ಳ ಹೇಳಾಕ ಧೈರ್ಯ ಬರೂದಿಲ್ಲ. ಖರೇನ ಬಂದಾವ” ಎಂದು ಎಲೆ ಚೆಲ್ಲಿದರು. ಅಕ್ಕೋರು ಖುಷಿ ತಡೆಯಲಾರದೆ ತಮ್ಮ ಎಲೆ ತಿರುಗಿಸಿ ತೋರಿಸಿದರು. ಅವರ ಹತ್ತಿರ ಏನೇನೂ ಇರಲಿಲ್ಲ.

ವಕೀಲರ ಮುಖ ಕೆಂಪಾಯಿತು. “ಮನಿತನಸ್ಥ ಹೆಣ್ಣಮಗಳು ಹಿಂಗ ಸುಳ್ಳ ಆಡೂದಾ? ಮಕ್ಕಳಿಗೆ ಪಾಠ ಹೇಳಾವ್ರು ನೀವು!”

“ಸುಳ್ಳ ಆಡೂದ ಈ ಆಟ ಅಲ್ರಿ ವಕೀಲರ?”

“ಗಂಡಸರ ಮಾತ ಬ್ಯಾರೆ.”

ಸೋಮವಾರದಿಂದ ಶನಿವಾರದವರೆಗೆ ಕೋರ್ಟಿನಲ್ಲಿ ನಿಂತು ಬಾಯಿ ತುಂಬ ಸುಳ್ಳು ಹೇಳುವ ಮನುಷ್ಯ, ಭಾನುವಾರ ಹುಣಸೆಬೀಜದ ಆಟದಲ್ಲಿ ಒಬ್ಬ ಹೆಂಗಸಿಗೆ ಸತ್ಯದ ಪಾಠ ಹೇಳಿದ! ಗಂಡಸು ಆಡಿದರೆ ಚಾಲಾಕಿ, ಹೆಂಗಸು ಆಡಿದರೆ ನಡತೆಗೇಡು. ಅವತ್ತು ಸಂಜೆಯೊಳಗೆ ಆ ಮಾತು ಬೆಟಗೇರಿ ತುಂಬ ಹರಡಿತು. ನಮ್ಮ ಓಣಿಯ ಹೆಂಗಸರೂ ಹಿಂದೆ ಬೀಳಲಿಲ್ಲ. “ಸುಳ್ಳ ಆಡಾಕಿ ಮನಿಯಾಗ ಏನೇನ ಮುಚ್ಚಿಟ್ಟಾಳೋ” ಎಂದರು. ಖುದ್ದು ನನ್ನ ತಾಯಿ, “ಆಕಿ ಸಂಗ್ತಿ ಭಾಳ ತಿರಗಬ್ಯಾಡ, ನಿನಗ ವರಾ ಸಿಗೂದಿಲ್ಲ” ಎಂದಳು. ವರ ಸಿಗಲಿಲ್ಲ. ಅದರಲ್ಲಿ ಅಕ್ಕೋರ ತಪ್ಪೇನೂ ಇರಲಿಲ್ಲ, ನನಗೇ ಬೇಕಾಗಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಅಕ್ಕೋರು ಅಂದರು, “ತೋರಿಸಿದ್ದ ತಪ್ಪಾತು ನೋಡು. ಸುಳ್ಳ ಆಡಿದ್ದಲ್ಲ. ಗೆದ್ದ ಮ್ಯಾಲ ಎಲಿ ತೋರಸಬಾರದು. ಅವರು ಜೀವಂತ ಇರೂತನಾ ತಲಿ ಕೆರಕೋಬೇಕು.” ಎಂದವರೇ ನನ್ನ ತೊಡೆಗೆ ಹೊಡೆದು ನಕ್ಕರು.

ನನಗೆ ಆಟ ಕಲಿಸಿದ್ದು ಶಾಲೆಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಹೆಡ್ ಮಾಸ್ತರರು ಒಮ್ಮೆ ಹಿಡಿದರು. “ಹೆಣ್ಣಮಕ್ಕಳಾಗಿ ಶಾಲ್ಯಾಗ ಇಸ್ಪೀಟ ಆಡತೀರಿ? ನಾಚಿಕಿ ಬರೂದಿಲ್ಲ?” ಶಾಲೆ ಬಿಟ್ಟ ಮೇಲೆ ಪಿ.ಟಿ. ಮಾಸ್ತರರ ಕೋಣೆಯಲ್ಲಿ ಇದೇ ಹೆಡ್ ಮಾಸ್ತರರು ರಮ್ಮಿ ಆಡುತ್ತಿದ್ದುದು ಇಡೀ ಶಾಲೆಗೆ ಗೊತ್ತು. ಅಕ್ಕೋರ ದನಿ ಇಳಿಯಿತು. “ಸರ್, ಶಾಲ್ಯಾಗ ಇಸ್ಪೀಟ ಬ್ಯಾಡ ಅನ್ರಿ, ಈಗ ಒಳಗ ಇಡತೀನಿ. ಹೆಣ್ಣಮಕ್ಕಳು ಆಡಬಾರದು ಅಂದ್ರ ಮಾತ್ರ ಇಡೂದಿಲ್ಲ. ಎರಡರಾಗ ಯಾವುದು ಅಂತ ನೀವ ಹೇಳ್ರಿ.” ಹೆಡ್ ಮಾಸ್ತರರು ಗಡಿಯಾರ ನೋಡಿಕೊಂಡು, ಗಂಟೆ ಹೊಡೆಯುವ ಹೊತ್ತಾಯಿತು ಎಂದು ಹೊರಟುಹೋದರು.

ಅಕ್ಕೋರು ನಿವೃತ್ತರಾದ ಮೇಲೆ ಯಜಮಾನರು ತೀರಿಕೊಂಡರು. ಅಕ್ಕೋರು ಬಹಳ ದಿನ ಹೊರಗೆ ಬರಲಿಲ್ಲ. ವರ್ಷ ಕಳೆದು ಪಂಚಮಿ ಬಂದಾಗ ನನಗೆ ಫೋನು ಮಾಡಿ, “ನಡೀ, ಕ್ಲಬ್ಬಿಗೆ ಹೋಗೂಣು. ಮನಿಯಾಗ ಗೋಡಿ ನೋಡಿ ನೋಡಿ ಸಾಕಾಗೇತಿ” ಎಂದರು. ನಾನು ಜೊತೆಗೆ ಹೋದೆ.

ಒಳಗೆ ಎಲೆ ಕಲಸಿಟ್ಟಿದ್ದರು. ಅಕ್ಕೋರು ರೂಢಿಯಂತೆ ಕಟ್ ಮಾಡಲು ಕೈ ಚಾಚಿದರು. ವಕೀಲರು, ಅಷ್ಟೊತ್ತಿಗೆ ಅವರು ಅಧ್ಯಕ್ಷರಾಗಿದ್ದರು, ಎಲೆಯ ಕಟ್ಟನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

“ಈಗ ನೀವು ಬ್ಯಾಡ್ರಿ ಅಕ್ಕೋರ. ಹಬ್ಬದ ದಿನಾ ಐತಿ, ತಪ್ಪ ತಿಳಕೋಬ್ಯಾಡ್ರಿ” ಎಂದು ಹಿತ್ತಲಿನಿಂದ ತಮ್ಮ ಹೆಂಡತಿಯನ್ನು ಕರೆಸಿದರು. ಆ ತಾಯಿ ತಲೆ ತಗ್ಗಿಸಿ ಬಂದು, ಕಟ್ ಮಾಡಿ, ತಲೆ ಎತ್ತದೆ ಹೋದರು.

ಯಜಮಾನರಿದ್ದ ಪಂಚಮಿಗೆ ಅದೇ ಕೈ ಲಕ್ಷ್ಮೀ ಕೈ. ಈ ಪಂಚಮಿಗೆ ಮುಟ್ಟಿದರೆ ಅಪಶಕುನ. ಕೈ ಅದೇ, ಗೆರೆ ಅವೇ. ಆ ಕೈಯ ಹಿಂದೆ ಒಂದು ತಲೆ ಇತ್ತಲ್ಲ, ಆಡಿದ್ದು ಅದು. ಅದರ ಬಗ್ಗೆ ಅವತ್ತೂ ಯಾರೂ ಮಾತಾಡಿರಲಿಲ್ಲ, ಇವತ್ತೂ ಮಾತಾಡಲಿಲ್ಲ.

ಅಕ್ಕೋರು ತಮ್ಮ ಕುರ್ಚಿಯಲ್ಲಿ ಕುಳಿತರು, ಆಟ ನೋಡಲು ನಾನು ಅವರ ಪಕ್ಕದಲ್ಲಿ ಕುಳಿತೆ. ಎಲೆ ಹಂಚುವವರು ಮೇಜಿನ ಸುತ್ತ ಹಂಚುತ್ತ ಬಂದರು. ಅಕ್ಕೋರ ಮುಂದೆ ಬಂದಾಗ ಕೈ ಅವರನ್ನು ದಾಟಿ ಮುಂದಿನವರಿಗೆ ಹೋಯಿತು. ಎರಡನೆಯ ಸುತ್ತಿನಲ್ಲೂ ಹಾಗೆಯೇ. ಮೂಲೆಯಲ್ಲಿ ಕೇರಂ ಆಡುತ್ತಿದ್ದ ಬಳೆ ಅಂಗಡಿಯ ಸಾಹೇಬರು, “ಯಾಕ್ರಿ, ಅಕ್ಕೋರಿಗೆ ಎಲಿ ಹಾಕಲಿಲ್ಲಲ್ಲ?” ಎಂದು ಕೇಳಿದರು. ಹಂಚಿದವರು ಉಳಿದ ಕಟ್ಟನ್ನು ಮೇಜಿನ ನಡುವಿಗಿಟ್ಟರು. ನಾನು ಏಳಲು ಹೋದೆ. ಅಕ್ಕೋರು ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿ ಹಿಡಿದರು.

ಆಟ ಶುರುವಾಯಿತು. ನಡುವಿನ ಎಲೆ ತೆರೆದವು. ಅಧ್ಯಕ್ಷರು ಬೀಜ ಏರಿಸಿದರು, ಎದುರಿಗಿದ್ದ ಡಾಕ್ಟರು ಎಲೆ ಚೆಲ್ಲಲು ನೋಡುತ್ತಿದ್ದರು. ಆಗ ಅಕ್ಕೋರು ಕನ್ನಡಕ ಹಣೆಯ ಮೇಲಿಂದ ಇಳಿಸಿಕೊಂಡು ಮೆಲ್ಲಗೆ ಮಾತಾಡಿದರು.

“ವಕೀಲರ ಕಡೆ ಏನೂ ಇಲ್ರಿ. ಏನೂ ಇಲ್ಲದಾಗ ಅವರು ಉಂಗುರ ತಿರವತಾರ. ಡಾಕ್ಟರ್, ನೀವು ಬಿಡಬ್ಯಾಡ್ರಿ, ನಿಮಗ ಜೋಡಿ ಬಂದಾವ. ಜೋಡಿ ಬಂದ್ರ ನೀವು ಎಲಿ ಎರಡನೇ ಸಲ ನೋಡೂದಿಲ್ಲ.”

ಡಾಕ್ಟರು ನಕ್ಕು ಎಲೆ ತೆರೆದರು. ಜೋಡಿಯೇ. ಅಧ್ಯಕ್ಷರು ತಮ್ಮ ಎಲೆಯನ್ನು ಕಟ್ಟಿನೊಳಗೆ ಸೇರಿಸಿದರು. ಮುಂದಿನ ಆಟಕ್ಕೂ ಅಕ್ಕೋರಿಗೆ ಹಂಚಲಿಲ್ಲ. ಮುಂದಿನ ಆಟದಲ್ಲೂ ಅಕ್ಕೋರು ಒಬ್ಬೊಬ್ಬರ ಸುಳ್ಳನ್ನೂ ಹೆಸರು ಹಿಡಿದು ಹೇಳಿದರು. ಗಂಡಸರು ಕೈಗಳನ್ನು ಮೇಜಿನ ಕೆಳಗೆ ಅಡಗಿಸತೊಡಗಿದರು. ಕೊನೆಗೆ ಅಧ್ಯಕ್ಷರು ಎಲೆ ಕೂಡಿಸಿ ಡಬ್ಬಿಗೆ ಹಾಕಿ ಎದ್ದರು.

“ಹಿಂಗಾದ್ರ ಆಟ ಹೆಂಗ ಆಡೂದ್ರಿ?”

“ನನಗ ಹಂಚ್ರಿ. ಸುಮ್ಮನ ಆಡತೀನಿ.”

“ನೀವು ಸದಸ್ಯರಲ್ಲಲ್ರಿ ಅಕ್ಕೋರ. ಸದಸ್ಯರು ಯಜಮಾನ್ರು ಇದ್ರು.”

“ಹಂಗಾದ್ರ ನನ್ನನ್ನ ಮಾಡ್ಕೋರಿ.”

“ಹೆಣ್ಣಮಕ್ಕಳಿಗೆ ಬ್ಯಾರೆ ಸದಸ್ಯತ್ವ ಇಲ್ರಿ. ಮನಿಯವರ ಹೆಸರಿಲೆ ಇರತೈತಿ.”

ಅಕ್ಕೋರು ಎದ್ದರು. ಬಾಗಿಲ ಹತ್ತಿರ ಒಮ್ಮೆ ತಿರುಗಿ ಆ ಕುರ್ಚಿಯನ್ನು ನೋಡಿದರು. ಮನೆಯ ಹತ್ತಿರ ಬಂದ ಮೇಲೆ ಅಂದರು, “ಕಟ್ ಮಾಡಾಕ ಕರೀಲಿಲ್ಲಂತ ನನಗ ಬ್ಯಾಸರಿಲ್ಲ. ಅದು ಎಂದೂ ನನಗ ಬೇಕಾಗಿರಲಿಲ್ಲ. ಆ ಕುರ್ಚಿ ಬೇಕಾಗಿತ್ತಲೇ. ಅದೊಂದ ನನ್ನದಿತ್ತು.” ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ. ಆ ನೀರಿಗೆ ಕಾರಣರಾದವರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವವಳಲ್ಲ.

ಆಮೇಲೆ ಅವರು ಫೋನಿನಲ್ಲಿ ಪೋಕರ್ ಆಡುತ್ತಿದ್ದರು. ಅದಕ್ಕೂ ದುಡ್ಡಿಲ್ಲ ಕಾಸಿಲ್ಲ, ಸುಮ್ಮನೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನರೊಡನೆ. ತಮ್ಮ ಸ್ವಂತ ಹೆಸರಿನಲ್ಲೇ ಆಡುತ್ತಿದ್ದರು. ನಾನು ನೋಡಲು ಹೋದರೆ ಹಾಸಿಗೆಯಲ್ಲಿ ಒರಗಿಕೊಂಡು ಫೋನು ತೋರಿಸುವರು. “ನೋಡಿಲ್ಲೆ, ಹೆಣ್ಣಿನ ಹೆಸರು ಕಾಣೂದ ತಡ, ಅಂಜಿ ಓಡತಾಳ ಅಂತ ಎಲ್ಲಾರೂ ಏರಸ್ತಾರ. ಎಲ್ಲಿ ಹೋದ್ರೂ ನಮ್ಮ ವಕೀಲರ ಅಣ್ಣತಮ್ಮಂದಿರ ಅದಾರಲ್ಲೇ!” ನಗುವಿಗೆ ಕೆಮ್ಮು ಬರುತ್ತಿತ್ತು. ತೊಡೆಗೆ ಹೊಡೆಯುವಷ್ಟು ಶಕ್ತಿ ಆಗಲೇ ಹೋಗಿತ್ತು. ಈ ಶ್ರಾವಣಕ್ಕೆ ಮೊದಲು ಹೋಗಿಬಿಟ್ಟರು.

ಇನ್ನು ಕಳೆದ ಭಾನುವಾರದ ಸಭೆಗೆ ಬರುತ್ತೇನೆ. ಭಾಷಣ, ಮೌನಾಚರಣೆ, ಚಹಾ, ಮಂಡಕ್ಕಿ ಎಲ್ಲ ಮುಗಿಯಿತು. ಅಧ್ಯಕ್ಷರಿಗೆ ಒಂದು ವಿಚಾರ ಹೊಳೆಯಿತು. “ಅಕ್ಕೋರಿಗೆ ಆಟ ಅಂದ್ರ ಭಾಳ ಪ್ರೀತಿ. ಅವರ ನೆನಪಿಲೆ ಒಂದು ಆಟ ಆಡೂಣು” ಎಂದು ಎಲೆ ಕಲಸಿ, ಕಟ್ಟನ್ನು ನನ್ನ ಮುಂದೆ ಹಿಡಿದರು. “ಟೀಚರ್, ನೀವ ಒಂದ ಸಲ ಕಟ್ ಮಾಡಿಬಿಡ್ರಿ. ಹೆಣ್ಣಮಕ್ಕಳ ಕೈ ಬಿದ್ರ ಛಲೋ.”

ನಾನು ಕಟ್ ಮಾಡಲಿಲ್ಲ. ಅಕ್ಕೋರ ಕುರ್ಚಿ ಎಳೆದುಕೊಂಡು ಕುಳಿತೆ.

“ನನಗೂ ಹಂಚ್ರಿ.”

ಅವರು ಆಚೀಚೆ ನೋಡಿದರು. ಶ್ರದ್ಧಾಂಜಲಿಯ ದಿನ, ಫೋಟೋದ ಮುಂದೆ ಇಲ್ಲ ಅನ್ನುವುದು ಹೇಗೆ? ಹಂಚಿದರು. ನನಗೆ ಬಂದದ್ದು ಕಳಾವರ ನಾಲ್ಕು, ಆಟೀನು ಒಂಬತ್ತು. ನಡುವಿನ ಐದು ಎಲೆಯಲ್ಲಿ ಅವಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ನನ್ನ ಕೈಗಳನ್ನು ಎಲೆಯ ಮೇಲೆ ಇಟ್ಟು, ಅಲ್ಲಾಡದ ಹಾಗೆ ನೋಡಿಕೊಂಡು, ಬೀಜ ಏರಿಸಿದೆ. ಡಾಕ್ಟರು ಪ್ಯಾಕ್ ಆದರು, ಉಳಿದವರೂ ಆದರು. ನಾನು ಇದ್ದಬದ್ದ ಬೀಜವನ್ನೆಲ್ಲ ನಡುವಿಗೆ ತಳ್ಳಿದೆ. ಅಧ್ಯಕ್ಷರು ಬಹಳ ಹೊತ್ತು ನನ್ನ ಮುಖ ನೋಡಿದರು. ಮುಖವನ್ನೇ ನೋಡಿದರು.

“ಟೀಚರ್ ಸುಳ್ಳ ಆಡಾವ್ರಲ್ಲ. ಖರೇನ ಬಂದಾವ” ಎಂದು ರಾಜನ ಎರಡು ಎಲೆ ತೆರೆದು ಚೆಲ್ಲಿದರು. “ಎಲ್ಲೆ, ತೋರಿಸ್ರಿ ನೋಡೂಣು?”

ನಾನು ನನ್ನ ಎಲೆಯನ್ನು ಮುಚ್ಚಿದಂತೆಯೇ ಕಟ್ಟಿನೊಳಗೆ ಸೇರಿಸಿಬಿಟ್ಟೆ.

“ಭಾರಿ ಆಡತೀರಿ ಬಿಡ್ರಿ! ಯಾರು ಕಲಿಸಿದ್ರಿ ನಿಮಗ?”

ನಾನು ಫೋಟೋದ ಕಡೆಗೆ ಕೈ ಮಾಡಿದೆ. ಅಧ್ಯಕ್ಷರು ಫೋಟೋ ನೋಡಿದರು. ಅವರ ಮುಖ ಅರಳಿತು.

“ಹೌದಲ್ಲ! ಅವರ ಯಜಮಾನ್ರು ಭಾಳ ದೊಡ್ಡ ಆಟಗಾರ್ರಿ.”

ನಾನು ಎದ್ದೆ. ಎಲ್ಲರೂ ನೋಡುತ್ತಿರುವಂತೆ ಫೋಟೋದ ಹಾರ ತೆಗೆದು ಮೇಜಿನ ಮೇಲಿಟ್ಟೆ, ಫೋಟೋ ಎತ್ತಿಕೊಂಡು ಮನೆಗೆ ಬಂದೆ. ಕನ್ನಡಕ ಹಣೆಗೇರಿಸಿಕೊಂಡು ನಗುತ್ತಿರುವ ಅಕ್ಕೋರು ಈಗ ನಾನು ಬರೆಯುವ ಮೇಜಿನ ಮೇಲೆ ಇದ್ದಾರೆ. ಹಾರ ಅಲ್ಲೇ ಇರಲಿ. ಅದನ್ನು ಕ್ಲಬ್ಬಿನವರು ಹಾಕಿದ್ದು ಲಕ್ಷ್ಮೀ ಕೈಗೆ.